ಕಂಪ್ಯೂಟರಿನ ಅಪ್‌ಡೇಟು ಏಕೆ ಸೋಲುತ್ತದೆ?

(ರಾಜ್ಯೋತ್ಸವದ ಸಂದರ್ಭದಲ್ಲಿ ಪೋರೂರಿನ ಕನ್ನಡ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಹಳೆಯ ಕಾವ್ಯವನ್ನೋ ಏಕೀಕರಣದ ಇತಿಹಾಸವನ್ನೋ ಕುರಿತು ಮಾತನಾಡುವುದು ವಾಡಿಕೆ. ಅದು ಉಚಿತವೂ ಹೌದು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯೂ ಕೊಳ್ಳೇಗಾಲದ ತಾಲ್ಲೂಕೂ ಇದೇ ಮದರಾಸು ರಾಜ್ಯಕ್ಕೆ ಸೇರಿದ್ದುವು. ಆದುದರಿಂದ ಈ ಊರಿನಲ್ಲಿ ಕುಳಿತು ಆ ದಿನವನ್ನು ನೆನೆಯುವುದಕ್ಕೆ ವಿಶೇಷವಾದ ಅರ್ಥವುಂಟು. ಆದರೆ ಈ ಸಲ ಕಾರ್ಯದರ್ಶಿಗಳು ನಮಗೆ ವಹಿಸಿದ ವಿಷಯ ಬೇರೆ. “ಮನೆಮನೆಯಲ್ಲೂ ಕಂಪ್ಯೂಟರಿದೆ. ಮನೆಮನೆಯಲ್ಲೂ ಅಪ್‌ಡೇಟು ಫೇಲಾಯಿತೆಂಬ ದೂರಿದೆ. ಏನು ಮಾಡಬೇಕೆಂದು ಕನ್ನಡದಲ್ಲಿ ಹೇಳಿಕೊಡಿ” ಎಂದು ಅವರು ಅಪ್ಪಣೆ ಕೊಡಿಸಿದರು. ಪೋರೂರು, ರಾಮಾಪುರಂ, ವಳಸರವಾಕ್ಕಂಗಳ ಕನ್ನಡಿಗರ ಮನೆಗಳಲ್ಲಿ ಇಂಥ ಕಂಪ್ಯೂಟರುಗಳ ಮುಂದೆ ಅನೇಕ ಸಂಜೆಗಳನ್ನು ಕಳೆದವರಾದುದರಿಂದ ನಾವು ಆ ಮಾತಿಗೆ ಒಪ್ಪಿಕೊಂಡೆವು.

ಅಪ್‌ಡೇಟಿಗೂ ಕನ್ನಡ ಸಂಘಕ್ಕೂ ಏನು ನಂಟು ಎಂದು ಕೇಳುವವರು ಇರಬಹುದು. ನಂಟು ಉಂಟು. ನವೆಂಬರು ಬಂತೆಂದರೆ, ನಿವೃತ್ತಿವೇತನ ಪಡೆಯುವ ನಮ್ಮ ಹಿರಿಯರು ತಾವು ಬದುಕಿರುವುದಾಗಿ ಪ್ರಮಾಣಪತ್ರ ಸಲ್ಲಿಸಬೇಕು. ಕೇಂದ್ರ ಸರ್ಕಾರ 2014ರ ನವೆಂಬರ್ 10ರಂದು ‘ಜೀವನ್ ಪ್ರಮಾಣ್’ ಎಂಬ ಏರ್ಪಾಡನ್ನು ಆರಂಭಿಸಿದ ಮೇಲೆ ಈ ಕೆಲಸವನ್ನು ಬೆರಳಚ್ಚಿನ ಸಾಧನ ಜೋಡಿಸಿದ ಕಂಪ್ಯೂಟರಿನಿಂದಲೇ ಮಾಡಬಹುದಾಗಿದೆ; ಈಚೆಗೆ ಫೋನಿನಿಂದಲೂ ಆಗುತ್ತದೆ. ಬ್ಯಾಂಕಿನ ವ್ಯವಹಾರ, ವಿದ್ಯುತ್ತಿನ ಹಣ, ದೂರದಲ್ಲಿರುವ ಮಕ್ಕಳ ಮುಖದರ್ಶನ, ಎಲ್ಲವೂ ಅದೇ ಪೆಟ್ಟಿಗೆಯ ಮೂಲಕ. ಇನ್ನು ಸಂಘದ ವಿಚಾರಕ್ಕೆ ಬಂದರೆ, ಸದಸ್ಯರ ಪಟ್ಟಿ, ಹಳೆಯ ನಾಟಕಗಳ ಚಿತ್ರಗಳು, ವರ್ಷ ವರ್ಷದ ಸ್ಮರಣಸಂಚಿಕೆಗಳ ಪುಟಗಳು ಯಾವುದೋ ಒಂದು ಹಳೆಯ ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುತ್ತವೆ. ಆ ಪೆಟ್ಟಿಗೆ ಕೆಟ್ಟರೆ ಕಳೆದುಹೋಗುವುದು ಬರೀ ಯಂತ್ರವಲ್ಲ. ಹೊರನಾಡಿನಲ್ಲಿ ನಾವು ಕೂಡಿಟ್ಟುಕೊಂಡ ನೆನಪೇ ಕಳೆದುಹೋಗುತ್ತದೆ.

ಮೊದಲು ಅಪ್‌ಡೇಟು ಎಂದರೇನು ಎಂಬುದನ್ನು ನೋಡೋಣ. ಕಂಪ್ಯೂಟರಿನೊಳಗೆ ಎಲ್ಲ ಕೆಲಸಗಳನ್ನೂ ಹಂಚಿಕೊಟ್ಟು ನಡೆಸುವ ಒಬ್ಬ ಪಾರುಪತ್ತೇಗಾರನಿದ್ದಾನೆ. ಅವನಿಗೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್. ಕೋಟ್ಯಂತರ ಸಾಲುಗಳ ಆ ಬರೆಹದಲ್ಲಿ ತಪ್ಪುಗಳು ಉಳಿದಿರುವುದು ಸಹಜ. ಕೆಲವು ತಪ್ಪುಗಳು ಕಳ್ಳರು ಒಳನುಗ್ಗುವ ಕಿಂಡಿಗಳಾಗಿರುತ್ತವೆ. ಅವನ್ನು ಮುಚ್ಚುವ ತೇಪೆಯೇ ಅಪ್‌ಡೇಟು. 2003ರ ಅಕ್ಟೋಬರಿನಿಂದ ಮೈಕ್ರೋಸಾಫ್ಟಿನವರು ಪ್ರತಿ ತಿಂಗಳ ಎರಡನೆಯ ಮಂಗಳವಾರ ಈ ತೇಪೆಗಳನ್ನು ಬಿಡುಗಡೆ ಮಾಡುತ್ತ ಬಂದಿದ್ದಾರೆ. ಅಮೆರಿಕದ ಪಶ್ಚಿಮ ತೀರದಲ್ಲಿ ಬೆಳಿಗ್ಗೆ 10 ಗಂಟೆ ಎಂದರೆ ನಮಗೆ ಮಂಗಳವಾರ ರಾತ್ರಿ ಹತ್ತೂವರೆ. ಅವರ ಚಳಿಗಾಲದಲ್ಲಿ ಹನ್ನೊಂದೂವರೆ. ಆದಕಾರಣ ಇಲ್ಲಿ ಬುಧವಾರ ಬೆಳಿಗ್ಗೆ ಕಂಪ್ಯೂಟರು ತೆರೆದವರಿಗೆ ಹೊಸ ಅಪ್‌ಡೇಟು ಕಾದಿರುತ್ತದೆ.

“ಅದು ಕೂಡದಿದ್ದರೆ ಹೋಗಲಿ, ಯಂತ್ರ ನಡೆಯುತ್ತಿದೆಯಲ್ಲ” ಎಂಬ ಮಾತನ್ನು ನಾವು ಬಹಳ ಸಲ ಕೇಳಿದ್ದೇವೆ. ಅದಕ್ಕೆ 2017ರ ಒಂದು ಸಂಗತಿಯೇ ಉತ್ತರ. ಆ ವರ್ಷ ಮಾರ್ಚ್ 14ರಂದು ವಿಂಡೋಸಿನ ಒಂದು ದೊಡ್ಡ ಕಿಂಡಿಯನ್ನು ಮುಚ್ಚುವ ಅಪ್‌ಡೇಟು ಹೊರಬಂತು. ಸರಿಯಾಗಿ 59 ದಿನಗಳ ಮೇಲೆ, ಮೇ 12ರಂದು, ‘ವನ್ನಾಕ್ರೈ’ ಎಂಬ ಕೇಡಿನ ಪ್ರೋಗ್ರಾಮು ಅದೇ ಕಿಂಡಿಯಿಂದ ನುಗ್ಗಿ ಪ್ರಪಂಚವನ್ನೆಲ್ಲ ಸುತ್ತಿತು. ಕಡತಗಳಿಗೆ ಬೀಗ ಹಾಕಿ, ತೆಗೆಯಲು ಹಣ ಕೇಳಿತು. ಇಂಗ್ಲೆಂಡಿನ ಸರ್ಕಾರಿ ವೈದ್ಯಕೀಯ ಸೇವೆಯ 236 ಟ್ರಸ್ಟುಗಳ ಪೈಕಿ ಕಡಮೆಯೆಂದರೂ 80ಕ್ಕೆ ಅದರ ಬಾಧೆ ತಟ್ಟಿತೆಂದು ಅಲ್ಲಿನ ಲೆಕ್ಕಪರಿಶೋಧಕರು ಬರೆದಿದ್ದಾರೆ. ನಮ್ಮ ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳೂ ಸಿಕ್ಕಿಬಿದ್ದುವು. ಮದ್ದು ಸಿದ್ಧವಾಗಿ ಎರಡು ತಿಂಗಳಾಗುತ್ತ ಬಂದಿತ್ತು. ಆದರೆ ಅದು ಎಷ್ಟೋ ಯಂತ್ರಗಳ ಒಳಗೆ ಹೋಗಿರಲಿಲ್ಲ.

ಹಾಗೆಂದು ಅಪ್‌ಡೇಟಿಗೆ ಹೆದರುವವರನ್ನು ಹೀಯಾಳಿಸುವುದೂ ತರವಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಉದಾಹರಣೆಗಳು ಉಂಟು. 2018ರ ಅಕ್ಟೋಬರ್ 2ರಂದು ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟೊಂದು ಕೆಲವರ ಕಡತಗಳನ್ನೇ ಅಳಿಸಿಹಾಕಿತು. ನಾಲ್ಕೇ ದಿನಗಳಲ್ಲಿ ಅದನ್ನು ತಡೆಹಿಡಿದು, ತಿದ್ದಿ, ನವೆಂಬರ್ 13ರಂದು ಮತ್ತೆ ಬಿಟ್ಟರು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಕಂಪನಿಯ ಒಂದು ದೋಷದ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದುವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಅದು ವಿಂಡೋಸಿನ ಅಪ್‌ಡೇಟಲ್ಲ, ನಿಜ. ಆದರೆ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಕೈಬರೆಹದ ಬೋರ್ಡಿಂಗ್ ಪಾಸು ಹಿಡಿದು ನಿಂತವರಿಗೆ ಆ ಭೇದದಿಂದ ಸಮಾಧಾನವಾಗಲಿಲ್ಲ.

ಆದುದರಿಂದ ನಮ್ಮ ಮೊದಲನೆಯ ಸೂಚನೆ ಅಪ್‌ಡೇಟಿಗೆ ಸಂಬಂಧಿಸಿದ್ದೇ ಅಲ್ಲ. ಯಂತ್ರಕ್ಕೆ ಕೈಹಚ್ಚುವ ಮುನ್ನ ನಿಮ್ಮದೆಂಬುದನ್ನು, ಎಂದರೆ ಪತ್ರಗಳು, ಚಿತ್ರಗಳು, ಲೆಕ್ಕಗಳು, ಕನ್ನಡದ ಬರೆಹಗಳು, ಇವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. 2015ರ ಡಿಸೆಂಬರಿನಲ್ಲಿ ಅಡಯಾರು ನದಿ ಉಕ್ಕಿ ಮಣಪಾಕ್ಕಂ, ಮುಗಲಿವಾಕ್ಕಂಗಳ ಮನೆಗಳಿಗೆ ನೀರು ನುಗ್ಗಿದುದನ್ನು ಕಂಡ ನಮಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಮೂಲವೂ ನಕಲೂ ಒಂದೇ ಬೀರುವಿನ ಕೆಳಗಿನ ಅರೆಯಲ್ಲಿದ್ದರೆ ಎರಡೂ ಒಟ್ಟಿಗೆ ನೆನೆಯುತ್ತವೆ.

ಇನ್ನು ರೋಗದ ಪರೀಕ್ಷೆ. ಒಂದು ಅಪ್‌ಡೇಟು ಮನೆ ಸೇರುವುದರಲ್ಲಿ ನಾಲ್ಕು ಘಟ್ಟಗಳಿವೆ. ಮೊದಲು ನಿಮ್ಮ ಕಂಪ್ಯೂಟರು ಕಂಪನಿಯ ಕಂಪ್ಯೂಟರನ್ನು ‘ನನಗೆ ಏನು ಬೇಕಾಗಿದೆ?’ ಎಂದು ವಿಚಾರಿಸುತ್ತದೆ. ಎರಡನೆಯದಾಗಿ ಬೇಕಾದುದನ್ನು ಇಂಟರ್‌ನೆಟ್ಟಿನ ಮೂಲಕ ತರಿಸಿ ಒಂದು ಉಗ್ರಾಣದಲ್ಲಿ ಇಡುತ್ತದೆ. ಮೂರನೆಯದಾಗಿ ಬಂದ ಸರಕಿನ ಮೇಲೆ ಕಂಪನಿಯ ಮೊಹರು ಸರಿಯಾಗಿದೆಯೇ ಎಂದು ಒರೆಹಚ್ಚಿ ನೋಡುತ್ತದೆ. ನಾಲ್ಕನೆಯದಾಗಿ ಹಳೆಯದರ ಜಾಗದಲ್ಲಿ ಹೊಸದನ್ನು ಕೂಡಿಸುತ್ತದೆ. ಈ ಕೆಲಸದ ಕೊನೆಯ ಭಾಗ ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಮಾತ್ರ ಪೂರೈಸುತ್ತದೆ. ನಾಲ್ಕನೆಯ ಘಟ್ಟದಲ್ಲಿ ತೊಡಕಾದರೆ, ಮಾಡಿದ ಬದಲಾವಣೆಗಳನ್ನು ಹಿಂದಕ್ಕೆ ತೆಗೆಯುತ್ತಿದ್ದೇನೆ ಎಂಬ ಸಂದೇಶ ತೆರೆಯ ಮೇಲೆ ಬರುತ್ತದೆ. ಅದನ್ನು ಕಂಡು ಗಾಬರಿಪಡಬೇಡಿ. ಅರ್ಧ ಹೊಸದು ಅರ್ಧ ಹಳೆಯದಾಗಿ ನಿಲ್ಲುವ ಬದಲು ಯಂತ್ರ ಹಿಂದಿನ ಸ್ಥಿತಿಗೆ ಮರಳುತ್ತಿದೆ. ಅದು ಅದರ ಸದ್ಗುಣ. ಆಗ ಮಾತ್ರ ವಿದ್ಯುತ್ ಗುಂಡಿಯನ್ನು ಒತ್ತಬಾರದು.

ಇಲ್ಲಿಯೇ ಈ ಊರಿನ ಹವೆಯ ಮಾತನ್ನೂ ಹೇಳಬೇಕು. ಬೆಂಗಳೂರಿನಲ್ಲಿ ಮಳೆ ಹಿಂದೆ ಸರಿಯುವ ಹೊತ್ತಿಗೆ ಚೆನ್ನೈಗೆ ಮಳೆಗಾಲ ಕಾಲಿಡುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಯಾವ ಗಳಿಗೆಯಲ್ಲಿ ವಿದ್ಯುತ್ತು ಹೋದೀತೋ ಹೇಳುವಂತಿಲ್ಲ. ಜೊತೆಗೆ ದುರಸ್ತಿಗಾಗಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ ವಿದ್ಯುತ್ ನಿಲುಗಡೆ ಎಂಬ ಪ್ರಕಟಣೆಯಲ್ಲಿ ಒಮ್ಮೊಮ್ಮೆ ಪೋರೂರಿನ ಹೆಸರೂ ಇರುತ್ತದೆ. ಪತ್ರಿಕೆಯಲ್ಲಿ ಅದನ್ನು ನೋಡಿಕೊಂಡು ಅಪ್‌ಡೇಟಿಗೆ ಕೂರತಕ್ಕದ್ದು. ಲ್ಯಾಪ್‌ಟಾಪಾದರೆ ಚಾರ್ಜರು ತಗುಲಿಸಿರಲಿ. ಮೇಜಿನ ಕಂಪ್ಯೂಟರಾದರೆ ಯು.ಪಿ.ಎಸ್. ಇರಲಿ. ಕೂಡಿಸುವ ಘಟ್ಟದ ನಡುವೆ ವಿದ್ಯುತ್ತು ಹೋಗಿ ಒಳಗಿನ ಕಡತಗಳು ಕೆಟ್ಟುದರಿಂದ, ಮುಂದೆ ಬಂದ ಅಪ್‌ಡೇಟುಗಳೆಲ್ಲವೂ ಸೋತ ಯಂತ್ರಗಳನ್ನು ನಾವು ನೋಡಿದ್ದೇವೆ.

ಅಪ್‌ಡೇಟು ಒಮ್ಮೆ ಸೋತರೆ ಅದು ಆಕಸ್ಮಿಕವಿರಬಹುದು. ಇನ್ನೊಮ್ಮೆ ಪ್ರಯತ್ನಿಸಿ ನೋಡುವುದು ನ್ಯಾಯ. ಮೂರನೆಯ ಸಲವೂ ಅದೇ ಜಾಗದಲ್ಲಿ ಸೋತರೆ, ಒಂದು ಕಾರಣ ಒಳಗೆ ಕೂತಿದೆ ಎಂದು ಅರ್ಥ. ಆ ಕಾರಣವನ್ನು ತೆಗೆಯದೆ ‘ರೀಟ್ರೈ’ ಗುಂಡಿಯನ್ನು ನೂರು ಸಲ ಒತ್ತಿದರೂ ಫಲವಿಲ್ಲ. ಈ ಹೊತ್ತಿನ ನಮ್ಮ ಮಾತಿನ ಸಾರವೆಲ್ಲ ಇಷ್ಟೇ: ಗುಂಡಿಯ ಮೇಲಿಂದ ಬೆರಳು ತೆಗೆಯಿರಿ, ಕಾರಣ ಹುಡುಕಿರಿ.

ಕಾರಣ ತಿಳಿಯುವ ಬಗೆ ಹೇಗೆ? ಸೆಟ್ಟಿಂಗ್ಸ್ ತೆರೆದು ವಿಂಡೋಸ್ ಅಪ್‌ಡೇಟ್ ಎಂಬಲ್ಲಿಗೆ ಹೋದರೆ ‘ಅಪ್‌ಡೇಟ್ ಹಿಸ್ಟರಿ’ ಎಂಬ ಚರಿತ್ರೆಯಿದೆ. ಸೋತ ಅಪ್‌ಡೇಟಿನ ಹೆಸರಿನ ಜೊತೆಗೆ ಕೆ.ಬಿ. ಎಂಬ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಯೊಂದು ಅಲ್ಲಿರುತ್ತದೆ. ಸೊನ್ನೆ ಮತ್ತು ಎಕ್ಸ್‌ನಿಂದ ಆರಂಭವಾಗುವ ದೋಷಸಂಖ್ಯೆಯೂ ಸಿಗುತ್ತದೆ. ಎರಡನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಬಹಳ ಮಂದಿ ಈ ಸಂಖ್ಯೆಯನ್ನು ಕಂಡು ಹೆದರಿ ಕಿಟಕಿಯನ್ನು ಮುಚ್ಚಿಬಿಡುತ್ತಾರೆ. ಅದು ಯಂತ್ರ ಹೇಳುತ್ತಿರುವ ರೋಗದ ಹೆಸರು. 80070070 ಎಂದಿದ್ದರೆ ಡಿಸ್ಕಿನಲ್ಲಿ ಜಾಗವಿಲ್ಲ. 80070002 ಎಂದಿದ್ದರೆ ಬೇಕಾದ ಕಡತ ಸಿಗುತ್ತಿಲ್ಲ. 80072ಇಇ7 ಎಂದಿದ್ದರೆ ಕಂಪನಿಯ ಕಂಪ್ಯೂಟರಿನ ವಿಳಾಸ ತಿಳಿಯುತ್ತಿಲ್ಲ, ಎಂದರೆ ಇಂಟರ್‌ನೆಟ್ಟಿನ ತೊಂದರೆ. 80072ಎಫ್8ಎಫ್ ಎಂದಿದ್ದರೆ ಮೊದಲು ಗಡಿಯಾರವನ್ನು ನೋಡಬೇಕು. 80073712 ಎಂದಿದ್ದರೆ ವಿಂಡೋಸಿನ ಒಳ ಉಗ್ರಾಣವೇ ಕೆಟ್ಟಿದೆ. ಐದು ರೋಗಗಳು, ಐದಕ್ಕೂ ಮದ್ದು ಬೇರೆ ಬೇರೆ. ಸಂಖ್ಯೆಯನ್ನು ಓದದೆ ಮದ್ದು ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಮದ್ದಿನಲ್ಲಿಯೂ ಕ್ರಮವುಂಟು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳಬಾರದು. ಅಂಗಡಿಗೆ ಕೊಂಡೊಯ್ದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಡುವವರು ಉಂಟು. ಅವರಿಗೆ ಅದು ಸುಲಭ, ಕಳೆದುಕೊಳ್ಳುವವರು ನಾವು. ಸೌಮ್ಯವಾದ ಮದ್ದಿನಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಏರಬೇಕು.

ಮೊದಲನೆಯ ಮೆಟ್ಟಿಲು, ನಿಜವಾದ ಮರುಚಾಲನೆ. “ದಿನವೂ ರಾತ್ರಿ ಆರಿಸಿಯೇ ಮಲಗುತ್ತೇವೆ” ಎಂದು ನೀವು ಹೇಳಬಹುದು. ವಿಂಡೋಸ್ 8ರಿಂದೀಚೆಗೆ ‘ಶಟ್ ಡೌನ್’ ಎಂದರೆ ಬಹುತೇಕ ಯಂತ್ರಗಳಲ್ಲಿ ಪೂರ್ಣ ನಿದ್ರೆಯಲ್ಲ. ಬೆಳಿಗ್ಗೆ ಬೇಗ ಏಳಲೆಂದು ಪಾರುಪತ್ತೇಗಾರನ ನೆನಪನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಮಲಗುವ ಏರ್ಪಾಡು ಅದು. ಅದಕ್ಕೆ ‘ಫಾಸ್ಟ್ ಸ್ಟಾರ್ಟಪ್’ ಎಂದು ಹೆಸರು. ‘ರೀಸ್ಟಾರ್ಟ್’ ಎಂಬುದನ್ನು ಒತ್ತಿದಾಗ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ತಿಂಗಳುಗಟ್ಟಲೆ ದಿನವೂ ಆರಿಸಿದ ಕಂಪ್ಯೂಟರು ಒಮ್ಮೆಯೂ ನಿಜವಾಗಿ ಮರುಚಾಲನೆಗೊಂಡಿಲ್ಲದೆ ಇರುವುದು ಸಾಧ್ಯ. ಈ ಒಂದು ಗುಂಡಿಯಿಂದಲೇ ಸರಿಹೋದ ಯಂತ್ರಗಳು ಹಲವು.

ಎರಡನೆಯ ಮೆಟ್ಟಿಲು, ಗಡಿಯಾರ. ವಳಸರವಾಕ್ಕಂನ ನಿವೃತ್ತ ರಾಯರೊಬ್ಬರ ಮೇಜಿನ ಕಂಪ್ಯೂಟರು ಪ್ರತಿ ಬೆಳಿಗ್ಗೆಯೂ ಹತ್ತು ವರ್ಷ ಹಿಂದಿನ ತಾರೀಖನ್ನು ತೋರುತ್ತಿತ್ತು. “ತಾರೀಖು ಗೋಡೆಯ ಪಂಚಾಂಗದಲ್ಲಿದೆಯಪ್ಪ, ಇದರಲ್ಲಿ ಏಕೆ ಬೇಕು?” ಎಂದು ಅವರು ನಕ್ಕರು. ಆದರೆ ಮೂರನೆಯ ಘಟ್ಟದಲ್ಲಿ ಮೊಹರನ್ನು ಪರೀಕ್ಷಿಸುವಾಗ ಯಂತ್ರ ಇಂದಿನ ತಾರೀಖನ್ನು ನೋಡುತ್ತದೆ. ತಾರೀಖು ತಪ್ಪಿದ್ದರೆ ಸಾಚಾ ಮೊಹರೂ ಸುಳ್ಳಾಗಿ ಕಾಣುತ್ತದೆ. ಕಾರಣ, ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಮೂರು ವೋಲ್ಟಿನ ಸೆಲ್ಲು ಸತ್ತಿರುವುದು. ಅಂಗಡಿಯಲ್ಲಿ ಸಿ.ಆರ್. 2032 ಎಂದು ಕೇಳಿದರೆ ಕೊಡುತ್ತಾರೆ, ಬೆಲೆ ಅಲ್ಪ. ಸೆಲ್ಲು ಬದಲಿಸಿ, ತಾರೀಖು ತಿದ್ದಿದ ಸಂಜೆಯೇ ರಾಯರ ಅಪ್‌ಡೇಟು ಕೂಡಿತು.

ಮೂರನೆಯದು, ಜಾಗ. ಈ ಊರಿನಲ್ಲಿ ಲಾರಿಯ ನೀರು ತರಿಸಿದವರಿಗೆಲ್ಲ ಗೊತ್ತು, ಸಂಪಿನಲ್ಲಿ ಜಾಗವಿಲ್ಲದಿದ್ದರೆ ಲಾರಿಯವನು ನೀರನ್ನು ಎಲ್ಲಿ ಸುರಿಯಬೇಕು? ಅಪ್‌ಡೇಟಿಗೂ ಹಾಗೆಯೇ. ತಂದದ್ದನ್ನು ಇಡಲು, ಬಿಚ್ಚಲು, ಹಳೆಯದನ್ನು ಕಾದಿರಿಸಲು ಸಿ ಡ್ರೈವಿನಲ್ಲಿ ಸ್ಥಳ ಬೇಕು. 20 ಗಿಗಾಬೈಟು ಖಾಲಿ ಇದ್ದರೆ ನಿಶ್ಚಿಂತೆ. ರೀಸೈಕಲ್ ಬಿನ್ನನ್ನು ಬರಿದುಮಾಡಿ. ‘ಡಿಸ್ಕ್ ಕ್ಲೀನಪ್’ ಎಂಬ ಸಾಧನದಿಂದ ತಾತ್ಕಾಲಿಕ ಕಡತಗಳನ್ನು ತೆಗೆಯಿರಿ. ಮೊಮ್ಮಕ್ಕಳ ವಿಡಿಯೋಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿ. ಆದರೆ ವಿಂಡೋಸ್ ಎಂಬ ಫೋಲ್ಡರಿನೊಳಗೆ ಹೋಗಿ ಹೆಸರು ಗೊತ್ತಿಲ್ಲದ ಕಡತಗಳನ್ನು ಕಿತ್ತುಹಾಕಬೇಡಿ. ಮನೆ ವಿಶಾಲವಾಗಲೆಂದು ಕಂಬ ಕಿತ್ತಂತಾದೀತು.

ನಾಲ್ಕನೆಯದು, ದಾರಿ ಮತ್ತು ಅತಿಥಿಗಳು. ಫೋನಿನಿಂದ ಇಂಟರ್‌ನೆಟ್ಟು ಪಡೆಯುವವರ ಯಂತ್ರದಲ್ಲಿ ‘ಮೀಟರ್ಡ್ ಕನೆಕ್ಷನ್’ ಎಂಬ ಗುರುತು ಬಿದ್ದಿದ್ದರೆ, ಹಣ ಉಳಿಸಲೆಂದು ವಿಂಡೋಸ್ ತಾನಾಗಿಯೇ ಬಹುಪಾಲು ಅಪ್‌ಡೇಟುಗಳನ್ನು ತರಿಸುವುದನ್ನು ತಡೆದಿಡುತ್ತದೆ. ಅದನ್ನು ತೆಗೆಯಬೇಕು, ಇಲ್ಲವೇ ವೈಫೈ ಇರುವ ಮನೆಗೆ ಯಂತ್ರವನ್ನು ಒಯ್ಯಬೇಕು. ಪ್ರಿಂಟರು, ಪೆನ್‌ಡ್ರೈವು, ಬೆರಳಚ್ಚಿನ ಸಾಧನ ಮುಂತಾದ ಅತಿಥಿಗಳನ್ನು ಆ ಹೊತ್ತಿಗೆ ಕಳಚಿಡಿ. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ಅಪ್‌ಡೇಟು ಮುಗಿಯುವವರೆಗೆ ಅದನ್ನು ಸ್ವಲ್ಪ ಸುಮ್ಮನಿರಿಸಿ. ಎರಡು ಆಂಟಿವೈರಸ್‌ಗಳು ಒಂದೇ ಯಂತ್ರದಲ್ಲಿದ್ದರೆ ಒಂದನ್ನು ಖಾಯಮ್ಮಾಗಿ ಬೀಳ್ಕೊಡಿ.

ಐದನೆಯದು, ಉಗ್ರಾಣದ ಶುದ್ಧಿ. ತರಿಸಿದ ಸರಕು ಅರ್ಧಕ್ಕೆ ನಿಂತೋ ಕೆಟ್ಟೋ ಉಳಿದಿದ್ದರೆ, ಯಂತ್ರ ಆ ಕೆಟ್ಟ ಸರಕನ್ನೇ ಮತ್ತೆ ಮತ್ತೆ ಕೂಡಿಸಲು ಹೋಗಿ ಸೋಲಬಹುದು. ‘ಸರ್ವಿಸಸ್’ ಎಂಬ ಪಟ್ಟಿಯನ್ನು ತೆರೆದು ‘ವಿಂಡೋಸ್ ಅಪ್‌ಡೇಟ್’, ‘ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವಿಸ್’ ಎಂಬ ಎರಡನ್ನು ನಿಲ್ಲಿಸಿ. ಬಳಿಕ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿರುವ ‘ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್’ ಎಂಬ ಫೋಲ್ಡರಿನ ಹೆಸರಿನ ತುದಿಗೆ ‘ಓಲ್ಡ್’ ಎಂದು ಸೇರಿಸಿ. ಅಳಿಸುವುದಕ್ಕಿಂತ ಹೆಸರು ಬದಲಿಸುವುದು ಮೇಲು; ಬೇಕಾದರೆ ಹಿಂದಿರುಗಬಹುದು. ಯಂತ್ರವನ್ನು ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಹೊಸ ಉಗ್ರಾಣವನ್ನು ತಾನೇ ಕಟ್ಟಿಕೊಂಡು ಸರಕನ್ನು ಮತ್ತೆ ತರಿಸುತ್ತದೆ. ಹೀಗೆ ಮಾಡಿದಾಗ ಅಪ್‌ಡೇಟಿನ ಚರಿತ್ರೆಯ ಪಟ್ಟಿ ಬರಿದಾಗಬಹುದು; ಸಂಖ್ಯೆಗಳನ್ನು ಮೊದಲೇ ಬರೆದುಕೊಳ್ಳಿ ಎಂದುದು ಇದಕ್ಕಾಗಿಯೂ ಹೌದು.

ಆರನೆಯದು, ಒಳಗಿನ ಕಡತಗಳ ದುರಸ್ತಿ. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ‘ಅಡ್ಮಿನಿಸ್ಟ್ರೇಟರ್’ ಅಧಿಕಾರದೊಡನೆ ತೆರೆಯಬೇಕು. ಅಲ್ಲಿ ಎರಡು ಆಜ್ಞೆಗಳು. ಮೊದಲನೆಯದು ‘ಡಿಸ್ಮ್’, ಅದರ ಮುಂದೆ ಆನ್‌ಲೈನ್, ಕ್ಲೀನಪ್-ಇಮೇಜ್, ರಿಸ್ಟೋರ್‌ಹೆಲ್ತ್ ಎಂಬ ಮೂರು ಪದಗಳು, ಒಂದೊಂದರ ಹಿಂದೆಯೂ ಒಂದು ತೆರವು, ಒಂದು ಓರೆಗೆರೆ. ಇದು ವಿಂಡೋಸಿನ ಮೂಲಪ್ರತಿಗಳ ಭಂಡಾರವನ್ನು ಸರಿಪಡಿಸುತ್ತದೆ. ನಡುವೆ ಬಹಳ ಹೊತ್ತು ಒಂದೇ ಅಂಕಿಯಲ್ಲಿ ನಿಂತಂತೆ ಕಾಣುವುದುಂಟು, ತಾಳ್ಮೆಯಿರಲಿ. ಎರಡನೆಯದು ‘ಎಸ್.ಎಫ್.ಸಿ.’ ಎಂಬ ಮೂರಕ್ಷರ ಚುಕ್ಕಿಗಳಿಲ್ಲದೆ, ಒಂದು ತೆರವು, ಓರೆಗೆರೆ, ‘ಸ್ಕ್ಯಾನ್‌ನೌ’ ಎಂಬ ಪದ. ಇದು ಬಳಕೆಯಲ್ಲಿರುವ ಕಡತಗಳನ್ನು ಆ ಭಂಡಾರದ ಪ್ರತಿಗಳೊಡನೆ ಹೋಲಿಸಿ ಕೆಟ್ಟುದನ್ನು ಬದಲಿಸುತ್ತದೆ. ಕ್ರಮವನ್ನು ಮರೆಯಬಾರದು. ಮೂಲಪ್ರತಿಯೇ ತಪ್ಪಾಗಿದ್ದರೆ ಅದನ್ನು ನೋಡಿ ನಕಲನ್ನು ತಿದ್ದುವುದು ಹೇಗೆ? ಹಸ್ತಪ್ರತಿಗಳ ಶೋಧನೆ ಬಲ್ಲ ನಮ್ಮ ಪಂಡಿತರಿಗೆ ಈ ತತ್ತ್ವ ಹೊಸದಲ್ಲ.

ಇದಕ್ಕೂ ಬಗ್ಗದಿದ್ದರೆ ಏಳನೆಯ ಮೆಟ್ಟಿಲು. ಮೈಕ್ರೋಸಾಫ್ಟಿನ ‘ಅಪ್‌ಡೇಟ್ ಕೆಟಲಾಗ್’ ಎಂಬ ತಾಣದಲ್ಲಿ ಕೆ.ಬಿ. ಸಂಖ್ಯೆಯನ್ನು ಹುಡುಕಿ ಆ ಒಂದು ಅಪ್‌ಡೇಟನ್ನು ನಾವೇ ಇಳಿಸಿಕೊಂಡು ಕೂಡಿಸಬಹುದು. ಕೊನೆಯ ಉಪಾಯವೆಂದರೆ, ಅದೇ ಕಂಪನಿಯ ತಾಣದಿಂದ ವಿಂಡೋಸಿನ ಪೂರ್ಣ ಪ್ರತಿಯನ್ನು ತಂದು, ‘ಕಡತಗಳನ್ನೂ ಪ್ರೋಗ್ರಾಮುಗಳನ್ನೂ ಉಳಿಸು’ ಎಂಬುದನ್ನು ಆರಿಸಿಕೊಂಡು ಹಳೆಯದರ ಮೇಲೆಯೇ ಹೊಸದನ್ನು ಹಾಕುವುದು. ಇದರಿಂದ ನಿಮ್ಮ ಬರೆಹಗಳು ಇದ್ದಲ್ಲಿಯೇ ಇರುತ್ತವೆ. ಎಲ್ಲವನ್ನೂ ಅಳಿಸುವ ಕೊಡಲಿಯ ಮಾತು ಇದರ ನಂತರವೇ ಬರತಕ್ಕದ್ದು.

ಒಂದು ಎಚ್ಚರಿಕೆ. ದೋಷಸಂಖ್ಯೆ ಯಾವಾಗಲೂ ಪೂರ್ತಿ ಸತ್ಯವನ್ನು ಹೇಳುವುದಿಲ್ಲ. 2024ರ ಜನವರಿ 9ರಂದು ವಿಂಡೋಸ್ 10ಕ್ಕೆ ಕೆ.ಬಿ. 5034441 ಎಂಬ ಅಪ್‌ಡೇಟು ಬಂತು. ಲೋಕದಾದ್ಯಂತ ಅಸಂಖ್ಯಾತ ಯಂತ್ರಗಳಲ್ಲಿ ಅದು 80070643 ಎಂದು ಹೇಳಿ ಸೋತಿತು. ಮಾರನೆಯ ದಿನವೂ ಸೋತಿತು. ತಿಂಗಳುಗಟ್ಟಲೆ ಸೋಲುತ್ತಲೇ ಹೋಯಿತು. ಹದಿನಾರರ ಲೆಕ್ಕದ 643 ನಮ್ಮ ಹತ್ತರ ಲೆಕ್ಕದಲ್ಲಿ 1603. ‘ಕೂಡಿಸುವಾಗ ಮಾರಕ ದೋಷ’ ಎಂದಷ್ಟೇ ಅದರ ಅರ್ಥ. ನಿಜವಾದ ಕಾರಣ ಜಾಗದ ಅಭಾವ. ಡಿಸ್ಕಿನಲ್ಲಿ ಆಪತ್ಕಾಲಕ್ಕೆಂದು ಮೀಸಲಾದ ಒಂದು ಗುಪ್ತ ಕೋಣೆಯಿದೆ. ಈ ಅಪ್‌ಡೇಟಿಗೆ ಆ ಕೋಣೆಯೊಳಗೆ 250 ಮೆಗಾಬೈಟು ಖಾಲಿ ಬೇಕಾಗಿತ್ತು. ಸಿ ಡ್ರೈವಿನಲ್ಲಿ ನೂರು ಗಿಗಾಬೈಟು ಬರಿದಾಗಿದ್ದರೂ ಅದರಿಂದ ಪ್ರಯೋಜನವಿರಲಿಲ್ಲ.

ನಮ್ಮ ಪೋರೂರಿನ ಮೇಲ್ಸೇತುವೆಯನ್ನು ನೆನಪಿಸಿಕೊಳ್ಳಿ. ಜಾಗದ ತೊಡಕಿನಿಂದ ಕೆಲಸ ವರ್ಷಗಟ್ಟಲೆ ನಿಂತು, ಅರ್ಧ ಎದ್ದ ಕಂಬಗಳ ಸುತ್ತ ಬಸ್ಸುಗಳು ತೆವಳುತ್ತಿದ್ದುವು. ಕಡೆಗೆ 2017ರಲ್ಲಿ ಅದು ಸಂಚಾರಕ್ಕೆ ತೆರೆಯಿತು. ಸಿಮೆಂಟು, ಕಬ್ಬಿಣ, ಕೂಲಿ ಎಲ್ಲ ಇದ್ದರೂ ಬೇಕಾದ ಜಾಗ ಬೇಕಾದ ಕಡೆಯಲ್ಲಿ ಇಲ್ಲದಿದ್ದರೆ ಸೇತುವೆ ಏಳದು. ಆ ಅಪ್‌ಡೇಟಿನ ಗತಿಯೂ ಇದೇ. ಮೈಕ್ರೋಸಾಫ್ಟಿನವರು ಸಿ ಡ್ರೈವನ್ನು ಸ್ವಲ್ಪ ಕಿರಿದುಮಾಡಿ ಗುಪ್ತ ಕೋಣೆಯನ್ನು ಹಿಗ್ಗಿಸುವ ವಿಧಾನವನ್ನು ಪ್ರಕಟಿಸಿದರು. ಆದರೆ ಆ ಕೆಲಸ ತನ್ನಷ್ಟಕ್ಕೆ ನಡೆಯುವಂತೆ ಮಾಡಲಾಗದೆಂದು ಅದೇ ವರ್ಷ ಹೇಳಿಬಿಟ್ಟರು. ಡಿಸ್ಕಿನ ಕೋಣೆಗಳ ಗೋಡೆ ಸರಿಸುವುದು ಬಲ್ಲವರ ಕೆಲಸ. ಒಂದು ಅಂಕಿ ತಪ್ಪಿದರೆ ಎಲ್ಲವೂ ಹೋದೀತು. ಆ ಅಪ್‌ಡೇಟು ಮುಚ್ಚುತ್ತಿದ್ದುದು ಬಿಟ್‌ಲಾಕರ್ ಎಂಬ ಡಿಸ್ಕಿನ ಬೀಗಕ್ಕೆ ಸಂಬಂಧಿಸಿದ ಕಿಂಡಿಯನ್ನು. ಯಂತ್ರವನ್ನು ಕೈಯಾರೆ ಹಿಡಿದವನಿಗೆ ಮಾತ್ರ ಒದಗುವ ಕಿಂಡಿಯದು. ಬೀಗವನ್ನೇ ಹಾಕದಿದ್ದ ಮನೆಯ ಹಿರಿಯರಿಗೆ ನಾವು, ಡಿಸ್ಕನ್ನು ಕೆದಕುವುದು ಬೇಡ, ಈ ಒಂದನ್ನು ಮರೆಮಾಡಿ ಉಳಿದ ಅಪ್‌ಡೇಟುಗಳನ್ನು ತಪ್ಪದೆ ಹಾಕಿಕೊಳ್ಳಿ ಎಂದೆವು. ಸೋಲಿನ ಕಾರಣ ತಿಳಿದವನಿಗೆ ಮಾತ್ರ ಯಾವ ಸೋಲನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದು ತಿಳಿಯುತ್ತದೆ.

ಇನ್ನು ಮುಪ್ಪಿನ ಮಾತು. ಯಂತ್ರಕ್ಕೂ ವಯಸ್ಸಾಗುತ್ತದೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಅಪ್‌ಡೇಟುಗಳು ನಿಂತುವು. ವಿಂಡೋಸ್ 10ನ್ನು ಬಿಡಲಾಗದವರಿಗೆ, ಹೆಸರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ರಕ್ಷಣೆಯ ಅಪ್‌ಡೇಟು ಕೊಡುವ ಏರ್ಪಾಡನ್ನು ಕಂಪನಿ ಆಗ ಪ್ರಕಟಿಸಿತು. 2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11, ಟಿ.ಪಿ.ಎಂ. 2.0 ಎಂಬ ಭದ್ರತಾ ಸಾಧನವಿಲ್ಲದ ಯಂತ್ರವನ್ನು ಒಪ್ಪುವುದಿಲ್ಲ. ಅಂಥ ಯಂತ್ರದಲ್ಲಿ ಹೊಸ ಆವೃತ್ತಿ ಮತ್ತೆ ಮತ್ತೆ ಸೋತರೆ ಅದು ರೋಗವಲ್ಲ, ವಯಸ್ಸು. ಆಗ ಹೊಸ ಯಂತ್ರ ಕೊಳ್ಳಬಹುದು. ಇಲ್ಲವೇ ಹಳೆಯದಕ್ಕೆ ಲಿನಕ್ಸ್ ಹಾಕಬಹುದು. ಇದೇ ಚೆನ್ನೈಯ ಸಿ-ಡ್ಯಾಕ್ ಸಂಸ್ಥೆಯವರು 2007ರಲ್ಲಿ ‘ಬಾಸ್’ ಎಂಬ ಲಿನಕ್ಸನ್ನು ಭಾರತೀಯ ಭಾಷೆಗಳ ಅನುಕೂಲದೊಡನೆ ಹೊರತಂದುದನ್ನು ಇಲ್ಲಿ ಅಭಿಮಾನದಿಂದ ನೆನೆಯಬಹುದು. ಲಿನಕ್ಸಿನಲ್ಲಿಯೂ ಅಪ್‌ಡೇಟು ಸೋಲುವುದುಂಟು; ಅಲ್ಲಿಯೂ, ಹಳೆಯ ಕರ್ನಲ್ಲುಗಳು ತುಂಬಿ ಬೂಟ್ ಕೋಣೆಯಲ್ಲಿ ಜಾಗವಿಲ್ಲದಿರುವುದು ಒಂದು ಮುಖ್ಯ ಕಾರಣ.

ಕನ್ನಡಿಗರಿಗೆ ಮಾತ್ರ ಸಂಬಂಧಿಸಿದ ಒಂದು ತೊಡಕನ್ನು ಹೇಳದೆ ಮುಗಿಸುವಂತಿಲ್ಲ. ನಮ್ಮ ಡಿ.ಟಿ.ಪಿ. ಮಾಡುವವರಲ್ಲಿ ಕೆಲವರು ಅಪ್‌ಡೇಟನ್ನು ಬೇಕೆಂದೇ ನಿಲ್ಲಿಸಿರುತ್ತಾರೆ. ಪೇಜ್‌ಮೇಕರ್ ಎಂಬ ಪುಟಕಟ್ಟುವ ಪ್ರೋಗ್ರಾಮಿನ ಕಡೆಯ ದೊಡ್ಡ ಆವೃತ್ತಿ ಬಂದುದು 2001ರಲ್ಲಿ. ಅದರಲ್ಲಿ ಹಳೆಯ ಕಾಲದ ಕನ್ನಡ ಅಕ್ಷರಗಳಿಂದ ಕಟ್ಟಿದ ನೂರಾರು ಪುಟಗಳು ಅವರ ಬಳಿ ಇವೆ. ಹೊಸ ವಿಂಡೋಸ್ ಬಂದರೆ ಅವು ತೆರೆಯಲಾರವೆಂಬ ಅವರ ಅಂಜಿಕೆ ನಿರಾಧಾರವಲ್ಲ. ಆದರೆ ಪರಿಹಾರ ಇರುವುದು ಅಪ್‌ಡೇಟನ್ನು ತಡೆಯುವುದರಲ್ಲಲ್ಲ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಯೂನಿಕೋಡಿನಲ್ಲಿ ಸ್ಥಾನವಿದೆ. ವಿಂಡೋಸ್ ಎಕ್ಸ್‌ಪಿಯ ಜೊತೆಗೇ ‘ತುಂಗಾ’ ಎಂಬ ಕನ್ನಡ ಫಾಂಟು ಬಂತು. ಹಳೆಯ ಅಕ್ಷರಗಳ ಬರೆಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ದೊರೆಯುತ್ತವೆ. ಸಂಘದ ಹಳೆಯ ಸಂಚಿಕೆಗಳನ್ನು ಹಾಗೆ ಪರಿವರ್ತಿಸಿ, ಜೊತೆಗೆ ಪುಟಗಳನ್ನು ಪಿ.ಡಿ.ಎಫ್. ಆಗಿಯೂ ಉಳಿಸಿಕೊಂಡರೆ, ಅವು ಯಾವ ಯಂತ್ರಕ್ಕೂ ಯಾವ ಕಂಪನಿಗೂ ಅಡಿಯಾಳಾಗಿ ಇರಬೇಕಾಗಿಲ್ಲ. ಆ ಹಳೆಯ ಕಂಪ್ಯೂಟರನ್ನು ಇಂಟರ್‌ನೆಟ್ಟಿನಿಂದ ಬಿಡಿಸಿ, ಆ ಕೆಲಸ ಮುಗಿಯುವವರೆಗೆ ಮಾತ್ರ ಬಳಸಿದರಾಯಿತು.

ಪೋರೂರಿನ ಸುತ್ತಮುತ್ತ ಕಂಪ್ಯೂಟರು ಕಂಪನಿಗಳ ದೊಡ್ಡ ದೊಡ್ಡ ಕಟ್ಟಡಗಳಿವೆ. ಅಲ್ಲಿ ದುಡಿಯುವ ನಮ್ಮ ತರುಣ ತರುಣಿಯರು ಇಲ್ಲಿಯೂ ಕುಳಿತಿದ್ದಾರೆ. ನಾವು ಈಗ ಹೇಳಿದ್ದೆಲ್ಲ ಅವರಿಗೆ ಬಾಲಪಾಠ. ಅವರಲ್ಲಿ ನಮ್ಮದೊಂದು ಬಿನ್ನಹ. ಮನೆಯ ಹಿರಿಯರು “ಅಪ್‌ಡೇಟು ಆಗುತ್ತಿಲ್ಲ ಕಣಪ್ಪ” ಎಂದಾಗ “ಹೊಸದು ಕೊಂಡುಬಿಡಿ” ಎನ್ನುವ ಮುನ್ನ ಅರ್ಧ ಗಂಟೆ ಪಕ್ಕದಲ್ಲಿ ಕೂಡಿ. ಸಂಖ್ಯೆಯನ್ನು ಓದಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿ. ಹಿರಿಯರಲ್ಲಿಯೂ ಒಂದು ಬಿನ್ನಹ. ಸಂಖ್ಯೆಯನ್ನು ಕಂಡು ಹೆದರಬೇಡಿ. ಒಂದು ನೋಟ್‌ಪುಸ್ತಕವಿಟ್ಟುಕೊಂಡು ತಾರೀಖು, ಕೆ.ಬಿ. ಸಂಖ್ಯೆ, ದೋಷಸಂಖ್ಯೆ, ಮಾಡಿದ ಉಪಾಯ, ಈ ನಾಲ್ಕನ್ನು ಬರೆಯುತ್ತ ಹೋಗಿ. ಆರು ತಿಂಗಳಾಗುವ ಹೊತ್ತಿಗೆ ನಿಮ್ಮ ಯಂತ್ರದ ಜಾತಕ ನಿಮ್ಮ ಕೈಯಲ್ಲೇ ಇರುತ್ತದೆ. ಮುಂದಿನ ರಾಜ್ಯೋತ್ಸವದೊಳಗೆ ಸಂಘದ ಕಡತಗಳ ಎರಡು ಪ್ರತಿಗಳು ಎರಡು ಮನೆಗಳಲ್ಲಿ ಭದ್ರವಾಗಿರಲಿ ಎಂದು ಹಾರೈಸುತ್ತೇವೆ.